ಮಳೆಗೆ ಮುಂಚೆ ಬರುವ ಚಿಗುರು

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಕೊನೆಯ ಒಳ್ಳೆಯ ಮಳೆ ಬೀಳುವುದು ಅಕ್ಟೋಬರಿನಲ್ಲಿ. ಆಮೇಲೆ ಮುಂಗಾರು ಬರಬೇಕಾದರೆ ಜೂನ್ ಆಗಬೇಕು. ನಡುವಿನ ಏಳು ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಫೆಬ್ರವರಿ ಹೊತ್ತಿಗೆ ಹಿತ್ತಲ ಮಣ್ಣು ಗುದ್ದಲಿಗೆ ಜಗ್ಗದಷ್ಟು ಬಿಗಿದುಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿಯೇ ಮೂಲೆಯ ಬೇವಿನ ಗಿಡ ಹಳೆಯ ಎಲೆಯನ್ನೆಲ್ಲ ಚೆಲ್ಲಿ, ತಾಮ್ರದ ಬಣ್ಣದ ಚಿಗುರು ತಳೆಯುತ್ತದೆ. ಯುಗಾದಿಯ ಬೇವು-ಬೆಲ್ಲಕ್ಕೆ ಬೇಕಾದ ಹೂವನ್ನೂ ಅದೇ ಕೊಡುತ್ತದೆ. ಅದಕ್ಕೆ ಯಾರೂ ಒಂದು ಕೊಡ ನೀರು ಹಾಕಿರುವುದಿಲ್ಲ.

ಅದೇ ಹಿತ್ತಲಲ್ಲಿ, ಬಚ್ಚಲ ನೀರು ದಿನವೂ ಹರಿದು ಬರುವ ಜಾಗದಲ್ಲಿ ಒಂದು ನಿಂಬೆ ಗಿಡವಿರುತ್ತದೆ. ಎಲೆ ದಟ್ಟವಾಗಿರುತ್ತದೆ, ಕಡುಹಸಿರಾಗಿರುತ್ತದೆ. ಹೂವು ಮಾತ್ರ ಇರುವುದಿಲ್ಲ. ನೀರಿಲ್ಲದ ಗಿಡ ಚಿಗುರಿ ಹೂ ಬಿಡುವುದೇಕೆ, ನೀರಿರುವ ಗಿಡ ಸುಮ್ಮನೆ ನಿಲ್ಲುವುದೇಕೆ? ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಅದು ಗೊತ್ತಾದರೆ ಈ ಸೀಮೆಯ ಹಿತ್ತಲಲ್ಲಿ ವಸಂತಕ್ಕೆ ಮುನ್ನ ಏನು ಮಾಡಬೇಕು, ಏನು ಮಾಡಬಾರದು ಎಂಬುದೂ ಗೊತ್ತಾಗುತ್ತದೆ.

ಚಳಿ ಹೋದರೆ ವಸಂತವೇ?

ಶಾಲೆಯ ಪುಸ್ತಕಗಳಲ್ಲಿ ಬರುವ ವಸಂತ ಬಹುಮಟ್ಟಿಗೆ ತಂಪು ದೇಶಗಳದು. ಯುರೋಪು, ಜಪಾನುಗಳಲ್ಲಿ ಚಳಿಗಾಲವೆಂದರೆ ಗಿಡಮರಗಳಿಗೆ ಸಂಪೂರ್ಣ ಬಂದ್. ಹಿಮ ಕರಗಿ ನೆಲ ನೆನೆದು ಗಾಳಿ ಬೆಚ್ಚಗಾದ ಮೇಲೆ ಮೊಗ್ಗು ಒಡೆಯುತ್ತದೆ. ಅಲ್ಲಿ ನೀರಿಗೆ ಕೊರತೆಯಿಲ್ಲ, ಕೊರತೆ ಇರುವುದು ಶಾಖಕ್ಕೆ.

ಕೃಷ್ಣೆಯ ಎರಡೂ ದಡದ ಈ ಬಯಲಿನಲ್ಲಿ ಲೆಕ್ಕ ತಿರುಗುಮುರುಗು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುವ ಮಾತೇನೋ ಇದೆ. ಆದರೆ ಇಲ್ಲಿಯ ಚಳಿ ಬೇವನ್ನು ತಡೆದು ನಿಲ್ಲಿಸುವಷ್ಟು ಬಿರುಸಿನದಲ್ಲ. ಡಿಸೆಂಬರಿನ ನಡುಹಗಲು ತಂಪು ದೇಶದವರ ಬೇಸಿಗೆಯಷ್ಟು ಬೆಚ್ಚಗಿರುತ್ತದೆ. ಚಿಗುರಿಗೆ ಶಾಖವೊಂದೇ ಸಾಕಾಗಿದ್ದರೆ ಅದು ವರ್ಷವಿಡೀ ಬರಬೇಕಿತ್ತು. ನೀರೊಂದೇ ಸಾಕಾಗಿದ್ದರೆ ಜೂನ್-ಜುಲೈನಲ್ಲಿ ಬರಬೇಕಿತ್ತು. ಬರುವುದು ಫೆಬ್ರವರಿ-ಮಾರ್ಚ್‌ನಲ್ಲಿ.

ನೆಲ ಎಂಥದ್ದು

ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. ಈಗ ಅದು 2016ರಲ್ಲಿ ರಚನೆಯಾದ ಜೋಗುಳಾಂಬ ಗದ್ವಾಲ ಜಿಲ್ಲೆಯ ಕೇಂದ್ರ. ನಾರಾಯಣಪೇಟೆ 2019ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, ಮಕ್ತಲ್ ಅದರೊಳಗಿದೆ. ಗಡಿ ಎಲ್ಲಿ ಎಳೆದರೂ ಮಣ್ಣು ರಾಯಚೂರಿನದೇ ಮುಂದುವರಿಕೆ: ದಿಬ್ಬ-ಏರುಗಳಲ್ಲಿ ಮರಳು ಬೆರೆತ ಕೆಂಪು ಮಸಾರಿ, ತಗ್ಗಿನಲ್ಲಿ ಮತ್ತು ಹೊಳೆಸಾಲಿನಲ್ಲಿ ಎರೆ. ವರ್ಷದ ಮಳೆ ಹೆಚ್ಚುಕಡಿಮೆ 500ರಿಂದ 650 ಮಿಲಿಮೀಟರ್. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದೇ ಮಕ್ತಲ್ ಕಡೆಯಿಂದ. ಕೆಳಗೆ ಜೂರಾಲದಲ್ಲಿ ಅದಕ್ಕೆ ಅಣೆಕಟ್ಟೂ ಇದೆ. ಆದರೆ ಕಾಲುವೆಯ ನೀರು ಗದ್ದೆಗೆ ಹೋಗುತ್ತದೆಯೇ ಹೊರತು ಊರೊಳಗಿನ ಹಿತ್ತಲಿಗೆ ಬರುವುದಿಲ್ಲ.

ಮಸಾರಿ ನೀರನ್ನು ಬೇಗ ಕುಡಿದು ಬೇಗ ಬಿಡುತ್ತದೆ. ಎರೆ ನಿಧಾನವಾಗಿ ಕುಡಿದು ಬಹಳ ದಿನ ಹಿಡಿದಿಡುತ್ತದೆ, ಆದರೆ ಒಣಗಿದಾಗ ಬಿರಿದು ಮೇಲುಬೇರುಗಳನ್ನು ಹರಿದುಹಾಕುತ್ತದೆ. ಎರಡರಲ್ಲೂ ಮೇಲಿನ ಒಂದೆರಡು ಅಡಿ ಮಣ್ಣು ಫೆಬ್ರವರಿಗೆ ಒಣಗಿರುತ್ತದೆ. ಇನ್ನೂ ಕೆಳಗೆ, ಗರಸು ಮತ್ತು ಬಿರಿದ ಬಂಡೆಯ ಸಂದುಗಳಲ್ಲಿ, ಹಿಂದಿನ ಮಳೆಗಾಲದ ತೇವ ಸ್ವಲ್ಪ ಉಳಿದಿರುತ್ತದೆ. ಬೇವು, ಹೊಂಗೆ, ಹುಣಸೆಗಳ ಬೇರು ಅಲ್ಲಿಗೆ ಮುಟ್ಟುತ್ತದೆ. ಸೇವಂತಿಗೆ, ಟೊಮೆಟೊ, ಪುಂಡಿಪಲ್ಯಗಳ ಬೇರು ಮುಟ್ಟುವುದಿಲ್ಲ.

ಹಾಗೆಂದು ಒಗಟು ಇಲ್ಲಿಗೇ ಬಿಡಿಸಿದಂತಾಯಿತು ಎನ್ನುವಂತಿಲ್ಲ. ಆಳದ ತೇವ ಡಿಸೆಂಬರಿನಲ್ಲೂ ಇತ್ತು, ಆಗ ಇನ್ನೂ ಹೆಚ್ಚೇ ಇತ್ತು. ಆಗ ಬಾರದ ಚಿಗುರು ಈಗೇಕೆ ಬಂತು?

ಖರ್ಚಿನ ದಾರಿ

ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಗಿಡದಲ್ಲಿ ಉಳಿಯುವುದೇ ಇಲ್ಲ. ಎಲೆಯ ಕೆಳಮೈಯಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ರಂಧ್ರ ತೆರೆದಿರಲೇಬೇಕು, ತೆರೆದರೆ ನೀರು ಹೋಗಿಯೇ ಹೋಗುತ್ತದೆ. ಹೀಗೆ ಹೋಗುವ ನೀರೇ ಹಿಂದಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಕಾಂಡದ ಕಟ್ಟಿಗೆಯೊಳಗಿನ ಕೂದಲೆಳೆಯಂಥ ಸಣ್ಣ ಕೊಳವೆಗಳಲ್ಲಿ ನೀರಿನ ಎಳೆ ಬೇರಿನಿಂದ ಎಲೆಯವರೆಗೆ ಬಿಗಿದುಕೊಂಡು ನಿಂತಿರುತ್ತದೆ.

ಬಿಸಿಲು ಏರಿದಂತೆ ಎಳೆತ ಹೆಚ್ಚುತ್ತದೆ. ಬೇರು ಕೊಡುವುದಕ್ಕಿಂತ ಎಲೆ ಕೇಳುವುದು ಜಾಸ್ತಿಯಾದಾಗ ಕಾಂಡ ತನ್ನ ತೊಗಟೆ, ಕಟ್ಟಿಗೆಗಳಲ್ಲಿ ಕೂಡಿಟ್ಟ ನೀರನ್ನು ಬಿಟ್ಟುಕೊಡುತ್ತದೆ. ಸೂಕ್ಷ್ಮ ಅಳತೆಪಟ್ಟಿ ಕಟ್ಟಿ ನೋಡಿದರೆ ಮರದ ಬೊಡ್ಡೆ ಮಧ್ಯಾಹ್ನ ಒಂದು ಮಿಲಿಮೀಟರಿನ ಸಣ್ಣ ಭಾಗದಷ್ಟು ಸೊರಗಿ, ರಾತ್ರಿ ಮತ್ತೆ ತುಂಬಿಕೊಳ್ಳುವುದು ಕಾಣುತ್ತದೆ. ಜನವರಿ ಮುಗಿಯುವ ಹೊತ್ತಿಗೆ ರಾತ್ರಿ ತುಂಬುವುದು ಸಾಲದಾಗುತ್ತದೆ. ಅದರ ಮೇಲೆ, ಹತ್ತು ಹನ್ನೊಂದು ತಿಂಗಳು ದುಡಿದ ಎಲೆಗಳಿಗೆ ತಮ್ಮ ರಂಧ್ರಗಳನ್ನು ಬಿಗಿಯಾಗಿ ಮುಚ್ಚುವ ಶಕ್ತಿಯೂ ಕುಗ್ಗಿರುತ್ತದೆ. ಅವು ಅನ್ನ ಮಾಡುವುದು ಕಡಿಮೆ, ನೀರು ಸೋರಿಸುವುದು ಹೆಚ್ಚು.

ಮನೆಯ ಮೇಲಿನ ನೀರಿನ ಟ್ಯಾಂಕು ನೆನಪಿಗೆ ತಂದುಕೊಂಡರೆ ವಿಷಯ ತಿಳಿಯುತ್ತದೆ. ಬೋರಿನಿಂದ ಬರುವುದು ಬೆರಳು ಗಾತ್ರದ ಧಾರೆ, ಮನೆಯ ನಲ್ಲಿಗಳೆಲ್ಲ ಹಳೆಯವಾಗಿ ಹಗಲಿರುಳು ತೊಟ್ಟಿಕ್ಕುತ್ತಿವೆ. ಆ ಟ್ಯಾಂಕು ಎಂದೂ ತುಂಬುವುದಿಲ್ಲ. ನಲ್ಲಿಗಳನ್ನು ಪೂರ್ತಿ ಕಿತ್ತು ಬಾಯಿ ಮುಚ್ಚಿದರೆ, ಅದೇ ಸಣ್ಣ ಧಾರೆಯಲ್ಲಿ ಕೆಲವು ದಿನಗಳಲ್ಲಿ ತುಂಬಿಬಿಡುತ್ತದೆ. ಬೋರಿನಲ್ಲಿ ನೀರು ಹೆಚ್ಚಾಗಿದ್ದರಿಂದ ಅದು ತುಂಬಿದ್ದಲ್ಲ.

ಬೇವು ಮಾಡುವುದು ಇದನ್ನೇ. ಎಲೆ ಉದುರಿತೆಂದರೆ ಎಳೆತ ನಿಂತಿತು. ಆಳದ ಬೇರು ತರುವ ಅಲ್ಪ ನೀರು ಕಾಂಡದಲ್ಲಿಯೇ ಉಳಿದು ಕೊಂಬೆಯ ತುದಿಯವರೆಗೆ ತುಂಬಿಕೊಳ್ಳುತ್ತದೆ. ಮೊಗ್ಗಿನೊಳಗಿನ ಕೋಶಗಳು ಹಿಗ್ಗಲು ಒಳಗಿನಿಂದ ನೀರಿನ ಒತ್ತಡ ಬೇಕು. ಅದು ಈಗ ಸಿಕ್ಕಿತು, ಮೊಗ್ಗು ಒಡೆಯಿತು. ರಾಲ್ಫ್ ಬೋರ್ಚರ್ಟ್ ಎಂಬ ಸಸ್ಯವಿಜ್ಞಾನಿ ಕೋಸ್ಟರಿಕದ ಒಣಕಾಡಿನ ಮರಗಳಲ್ಲಿ ಕಾಂಡದ ನೀರನ್ನು ಅಳೆದು 1994ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೂ ಇದೇ ಆಗಿತ್ತು: ಒಣ ಹವೆಯ ಮರ ಯಾವಾಗ ಚಿಗುರುತ್ತದೆ ಎಂಬುದನ್ನು ನಿರ್ಧರಿಸುವುದು ಅಂದಿನ ಮಳೆಯಲ್ಲ, ಮಣ್ಣಿನಾಳದಲ್ಲಿ ಮತ್ತು ಕಾಂಡದಲ್ಲಿ ಕೂಡಿಟ್ಟ ನೀರು.

ಎಲೆ ಉದುರುವುದೂ ಒಂದು ಕೆಲಸ

ಎಲೆ ಒಣಗಿತು, ಆದ್ದರಿಂದ ಬಿತ್ತು ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ನಿಜದಲ್ಲಿ ಎಲೆ ಬೀಳುವುದು ಗಿಡ ತಾನಾಗಿ ಮಾಡುವ ಕೆಲಸ, ಜೀವವಿದ್ದರೆ ಮಾತ್ರ ಆಗುವ ಕೆಲಸ. ಮೊದಲು ಎಲೆಯಲ್ಲಿರುವ ಸಾರಜನಕ, ರಂಜಕಗಳಲ್ಲಿ ಸುಮಾರು ಅರ್ಧದಷ್ಟನ್ನು ಗಿಡ ಕಾಂಡಕ್ಕೆ ವಾಪಸು ಎಳೆದುಕೊಳ್ಳುತ್ತದೆ. ಹಸಿರು ಕರಗಿ ಹಳದಿ ಕಾಣುವುದು ಈ ಹಂತದಲ್ಲಿ. ಆಮೇಲೆ ತೊಟ್ಟಿನ ಬುಡದಲ್ಲಿ ತೆಳುವಾದ ಕೋಶಗಳ ಒಂದು ಸಾಲು ಸಿದ್ಧವಾಗುತ್ತದೆ. ಇದನ್ನು ಕಳಚುಪದರ ಎನ್ನಬಹುದು. ಅಲ್ಲಿಯ ಕೋಶಗಳನ್ನು ಅಂಟಿಸಿದ ಅಂಟು ಕರಗುತ್ತದೆ, ಗಾಳಿ ಬೀಸಿದರೆ ಎಲೆ ಬಿಡಿಸಿಕೊಳ್ಳುತ್ತದೆ. ಹಿಂದೆ ಉಳಿಯುವುದು ಆಗಲೇ ಮುಚ್ಚಿಕೊಂಡ ನಯವಾದ ಒಂದು ಗುರುತು.

ಇದನ್ನು ಹತ್ತಿರದಿಂದ ನೋಡಲು ಸೀತಾಫಲದಷ್ಟು ಒಳ್ಳೆಯ ಗಿಡವಿಲ್ಲ. ಈ ಸೀಮೆ ಸೇರಿದ್ದ ಹಳೆಯ ಮಹಬೂಬನಗರ ಜಿಲ್ಲೆಗೆ ಸೀತಾಫಲ ಹೊಸದೇನಲ್ಲ. ದೇಶದೆಲ್ಲೆಡೆ ಬೆಳೆಯುವ ‘ಬಾಲಾನಗರ’ ತಳಿಗೆ ಹೆಸರು ಬಂದದ್ದು ಆ ಜಿಲ್ಲೆಯ ಬಾಲಾನಗರದಿಂದಲೇ. ಬಹಳಷ್ಟು ಗಿಡಗಳಲ್ಲಿ ಎಲೆಯ ಕಂಕುಳಲ್ಲಿ ಮೊಗ್ಗು ಕಣ್ಣಿಗೆ ಕಾಣುವಂತೆ ಕೂತಿರುತ್ತದೆ. ಸೀತಾಫಲದ ಕೊಂಬೆಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಹಳದಿಯಾದ ಒಂದು ಎಲೆಯನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ ಬಿಡಿಸಿದರೆ ತೊಟ್ಟಿನ ಬುಡ ಟೊಳ್ಳಾಗಿರುವುದು ಕಾಣುತ್ತದೆ. ಆ ಟೊಳ್ಳು ಮುಚ್ಚಿಕೊಂಡಿದ್ದ ಜಾಗದಲ್ಲಿಯೇ, ಕೊಂಬೆಯ ಮೇಲೆ, ಸಣ್ಣ ರೋಮ ಹೊದ್ದ ಮೊಗ್ಗು ಇರುತ್ತದೆ. ಹಳೆಯ ಎಲೆ ಇರುವತನಕ ಅದಕ್ಕೆ ಹೊರಬರಲು ದಾರಿಯೇ ಇಲ್ಲ. ಸೀತಾಫಲದ ಹೂವು ಬರುವುದು ಹೊಸ ಚಿಗುರಿನ ಜೊತೆಗೆ. ಆದ್ದರಿಂದ ನೀರು ಹಾಕಿ ಹಾಕಿ ಎಲೆ ಉದುರದಂತೆ ಕಾಪಾಡಿದ ಸೀತಾಫಲದಲ್ಲಿ ಹೂವು ತಡವಾಗುತ್ತದೆ, ಕಡಿಮೆಯೂ ಆಗುತ್ತದೆ. ಅಕ್ಕರೆ ಹೆಚ್ಚಾದರೆ ಕೇಡು ಎನ್ನುವುದಕ್ಕೆ ಹಿತ್ತಲಲ್ಲಿ ಇದೊಂದು ಸಾಕ್ಷಿ.

ಹಗಲು ಬೆಳೆಯುವ ಸುಳಿವು

ಮಳೆ ಬರುವ ವರ್ಷ, ಬಾರದ ವರ್ಷ ಎನ್ನದೆ ಬೇವು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಚಿಗುರುತ್ತದೆ. ಇಷ್ಟು ಕರಾರುವಾಕ್ಕಾದ ಸುಳಿವು ಹವೆಯಲ್ಲಿ ಸಿಗಲಾರದು. ಅದು ಇರುವುದು ಹಗಲಿನ ಉದ್ದದಲ್ಲಿ. ನಾರಾಯಣಪೇಟೆ ಇರುವ ಅಕ್ಷಾಂಶದಲ್ಲಿ, ಅಂದರೆ 17 ಡಿಗ್ರಿಗೆ ಸ್ವಲ್ಪ ಕೆಳಗೆ, ಡಿಸೆಂಬರ್ ಕೊನೆಯ ವಾರದಲ್ಲಿ ಹಗಲು ಸುಮಾರು 11 ಗಂಟೆ ಇದ್ದರೆ ಜೂನ್ ಕೊನೆಗೆ ಸುಮಾರು 13 ಗಂಟೆ ಇರುತ್ತದೆ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಅವಧಿಯಲ್ಲಿ ಹಗಲು ದಿನಕ್ಕೆ ಒಂದು ನಿಮಿಷದಷ್ಟೂ ಬೆಳೆಯುವುದಿಲ್ಲ. ಮನುಷ್ಯರ ಗಮನಕ್ಕೆ ಬಾರದ ಈ ಬದಲಾವಣೆ ಗಿಡಗಳಿಗೆ ಗೊತ್ತಾಗುತ್ತದೆ. ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ಬಣ್ಣವಸ್ತು ಅವುಗಳಲ್ಲಿದೆ.

ಸ್ಟೀಫನ್ ಎಲಿಯಟ್, ಪ್ಯಾಟ್ರಿಕ್ ಬೇಕರ್ ಮತ್ತು ಬೋರ್ಚರ್ಟ್ 2006ರಲ್ಲಿ ಏಷ್ಯಾದ ಮಾನ್ಸೂನ್ ಕಾಡುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಬೇಸಿಗೆಯ ಚಿಗುರನ್ನೇ ಒಂದು ವಿರೋಧಾಭಾಸವೆಂದು ಕರೆದು ಬಿಡಿಸಲು ಹೊರಟಿದ್ದರು. ಥಾಯ್ಲೆಂಡಿನ ಕಾಡುಗಳಲ್ಲಿ ಬಹುಪಾಲು ಮರಗಳು ಮಳೆಗೆ ಒಂದೆರಡು ತಿಂಗಳು ಮೊದಲೇ ಚಿಗುರುತ್ತವೆ, ಅದಕ್ಕೆ ಚಾಲನೆ ಕೊಡುವುದು ಬೆಳೆಯುತ್ತಿರುವ ಹಗಲು ಎಂಬುದು ಅವರ ತೀರ್ಮಾನ. ಹಗಲು ಬರೀ ಸಮಯ ಹೇಳುತ್ತದೆ. ಕಾಂಡದಲ್ಲಿ ನೀರು ತುಂಬಿರದಿದ್ದರೆ ಆ ಸುಳಿವು ಸಿಕ್ಕಿಯೂ ಮೊಗ್ಗು ಒಡೆಯಲಾರದು.

ಮಳೆಗೆ ಕಾಯದಿದ್ದರೆ ಲಾಭವೇನು

ಮೊದಲ ಲಾಭ ಬಿಸಿಲಿನದು. ಮೋಡವಿಲ್ಲದ ಮಾರ್ಚ್-ಏಪ್ರಿಲಿನ ಬೆಳಕಿನಲ್ಲಿ ಬಲಿತ ಎಲೆಗಳು ಮುಂಗಾರಿನ ಮೊದಲ ಹನಿ ಬೀಳುವ ದಿನವೇ ಪೂರ್ತಿ ಕೆಲಸಕ್ಕೆ ತಯಾರಾಗಿರುತ್ತವೆ.

ಎರಡನೆಯದು ಹುಳುಗಳಿಂದ ತಪ್ಪಿಸಿಕೊಳ್ಳುವುದು. ಎಲೆ ತಿನ್ನುವ ಹುಳುಗಳು ಹೆಚ್ಚುವುದು ಮಳೆ ಬಿದ್ದ ಮೇಲೆ. ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಕರ್ನಾಟಕದ ಗಡಿಗೆ ಅಂಟಿಕೊಂಡ ಮುದುಮಲೆಯ ಒಣಕಾಡಿನಲ್ಲಿ ಚಿಗುರುವ ಕಾಲವನ್ನೂ ಹುಳು ತಿಂದ ಪ್ರಮಾಣವನ್ನೂ ಗಮನಿಸಿ 1993ರಲ್ಲಿ ಪ್ರಕಟಿಸಿದರು. ಒಣಗಾಲದಲ್ಲಿಯೇ ಬೇಗ ಚಿಗುರಿದ ಮರಗಳ ಎಲೆಗೆ ಹಾನಿ ಕಡಿಮೆ, ತಡವಾಗಿ ಚಿಗುರಿದವುಗಳಿಗೆ ಹೆಚ್ಚು ಎಂಬುದು ಅವರು ಕಂಡದ್ದು. ಎಳೆಯ ಎಲೆ ಮೆತ್ತಗಿರುವ ಎರಡು ಮೂರು ವಾರವೇ ಅಪಾಯದ ಕಾಲ. ಅದನ್ನು ಹುಳು ಕಡಿಮೆ ಇರುವಾಗ ದಾಟಿಬಿಟ್ಟರೆ ಆಮೇಲೆ ಎಲೆ ಬಲಿತು ಕಹಿಯೂ ಗಟ್ಟಿಯೂ ಆಗುತ್ತದೆ. ಬೇವು, ಮಾವು, ಅರಳಿಯ ಚಿಗುರು ಕೆಂಪಾಗಿರುವುದು ಆಂಥೋಸಯನಿನ್ ಎಂಬ ಬಣ್ಣದಿಂದ. ಹಸಿರು ಇನ್ನೂ ಕೂಡಿರದ ಎಳೆ ಎಲೆಯನ್ನು ಅದು ಬಿರುಬಿಸಿಲಿನಿಂದ ಕಾಪಾಡುತ್ತದೆ ಎಂಬುದು ಬಹುಜನರು ಒಪ್ಪಿದ ವಿವರಣೆ.

ಹಿತ್ತಲಲ್ಲಿ ಬಹಾರ್

ಈಗ ಬಚ್ಚಲ ನೀರಿನ ನಿಂಬೆಗೆ ಬರೋಣ. ನಿಂಬೆ ತಾನಾಗಿ ಎಲೆ ಕಳಚುವ ಗಿಡವಲ್ಲ. ನೀರು ಸಿಗುತ್ತಿರುವಷ್ಟು ದಿನ ಅದು ಎಲೆ, ರೆಂಬೆ ಬೆಳೆಸುತ್ತಲೇ ಇರುತ್ತದೆ, ಮಾಡಿದ ಸಕ್ಕರೆಯನ್ನೆಲ್ಲ ಅದಕ್ಕೇ ಸುರಿಯುತ್ತದೆ. ನೀರು ನಿಂತರೆ ಬೆಳವಣಿಗೆ ನಿಲ್ಲುತ್ತದೆ, ಸಕ್ಕರೆ-ಪಿಷ್ಟ ಕೊಂಬೆಯಲ್ಲಿ ಕೂಡಿಕೊಳ್ಳುತ್ತದೆ, ಮೊಗ್ಗುಗಳು ಹೂವಿನ ಕಡೆಗೆ ತಿರುಗುತ್ತವೆ. ಆಮೇಲೆ ನೀರು ಕೊಟ್ಟರೆ ಮೂರು ನಾಲ್ಕು ವಾರಗಳಲ್ಲಿ ಹೂವು. ನಿಂಬೆ, ದಾಳಿಂಬೆ ಬೆಳೆಯುವವರು ಬಹಾರ್ ಹಿಡಿಯುವುದು ಎನ್ನುವುದು ಇದಕ್ಕೇ. ಜನವರಿ-ಫೆಬ್ರವರಿಯ ಅಂಬೆ ಬಹಾರ್, ಮಳೆಗಾಲದ ಆರಂಭದ ಮೃಗ ಬಹಾರ್, ಹಿಂಗಾರಿನ ಹಸ್ತ ಬಹಾರ್ ಎಂದು ವರ್ಷಕ್ಕೆ ಮೂರು ಅವಕಾಶ. ಹಿತ್ತಲಿನ ವಸಂತಕ್ಕೆ ಹೊಂದುವುದು ಮೊದಲನೆಯದು.

ಡಿಸೆಂಬರಿನಲ್ಲಿ ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸಬೇಕು. ಮಸಾರಿಯಲ್ಲಿ ಎರಡು ಮೂರು ವಾರ ಸಾಕಾಗಬಹುದು, ಎರೆಯಲ್ಲಿ ಅದಕ್ಕಿಂತ ಹೆಚ್ಚು ದಿನ ಬೇಕು. ದಿನ ಎಣಿಸುವುದಕ್ಕಿಂತ ಎಲೆ ನೋಡುವುದು ಮೇಲು. ಹೊಳಪು ಮಾಸಿ, ಬೆಳಿಗ್ಗೆಯೂ ಮುದುಡಿಕೊಂಡೇ ಇದ್ದು, ಒಂದಷ್ಟು ಎಲೆ ಉದುರತೊಡಗಿದರೆ ಅಲ್ಲಿಗೆ ಬಾಯಾರಿಸುವುದನ್ನು ನಿಲ್ಲಿಸಬೇಕು. ಕೊಂಬೆಯ ತುದಿ ಒಣಗುವವರೆಗೆ ಬಿಟ್ಟರೆ ಗಿಡವೇ ಕೈಬಿಡುತ್ತದೆ. ಆಮೇಲೆ ಬುಡವನ್ನು ಮೇಲೆ ಮೇಲೆ ಕೆದಕಿ, ತಿಪ್ಪೆಗೊಬ್ಬರ ಕೊಟ್ಟು, ಮೊದಲ ಸಲ ಹಗುರಾಗಿ, ಎರಡನೆಯ ಸಲ ಸ್ವಲ್ಪ ಹೆಚ್ಚಾಗಿ, ಮೂರನೆಯ ಸಲ ಹೊಟ್ಟೆ ತುಂಬ ನೀರು ಕೊಡಬೇಕು. ಒಮ್ಮೆಲೇ ಸುರಿದರೆ ಹೂವಿನ ಬದಲು ಎಲೆಯ ಚಿಗುರೇ ನುಗ್ಗಿ ಬರುತ್ತದೆ.

ಗುಂಡುಮಲ್ಲಿಗೆಗೂ ಇದೇ ನಿಯಮ. ಹೂವು ಬರುವುದು ಹೊಸ ರೆಂಬೆಯಲ್ಲಿ. ಆದ್ದರಿಂದ ಚಳಿಗಾಲದಲ್ಲಿ ನೀರು ನಿಲ್ಲಿಸಿ, ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನೂ ತರಿದು ಹಾಕಿ, ಜನವರಿ ಕೊನೆಗೆ ನೀರು ಶುರು ಮಾಡಿದರೆ ಮಾರ್ಚ್‌ನಿಂದ ಹೂವು. ಬೇವು ತಾನೇ ಮಾಡಿಕೊಳ್ಳುವುದನ್ನು ಇಲ್ಲಿ ಕತ್ತರಿ ಮಾಡುತ್ತದೆ.

ಮಾವಿನ ರೀತಿ ಸ್ವಲ್ಪ ಬೇರೆ. ಅದರ ಹೂವಿಗೆ ಡಿಸೆಂಬರ್-ಜನವರಿಯ ತಂಪು ರಾತ್ರಿಗಳು ಬೇಕು. ಆ ಸಮಯದಲ್ಲಿ ನೀರು ಕೊಟ್ಟರೆ ಹೂವು ಬರಬೇಕಾದ ತುದಿಯಲ್ಲಿ ಎಲೆ ಬರುತ್ತದೆ. ಕಾಯಿ ಕಡಲೆಕಾಳಿನಷ್ಟಾದ ಮೇಲೆ ನೀರು ಶುರು ಮಾಡಿದರೆ ಸಾಕು.

ಇದೆಲ್ಲ ನೆಲದಲ್ಲಿ ಬೇರೂರಿದ, ಮೂರು ನಾಲ್ಕು ವರ್ಷ ದಾಟಿದ ಗಿಡಗಳಿಗೆ. ಕುಂಡದ ಗಿಡಕ್ಕೆ ಆಳವೆಂಬುದೇ ಇಲ್ಲ, ಸಸಿಗೆ ಅಲ್ಲಿಗೆ ಹೋಗುವಷ್ಟು ಬೇರಿಲ್ಲ. ಅವನ್ನು ಬಾಯಾರಿಸಿದರೆ ಹೂವು ಬರುವುದಿಲ್ಲ, ಸಾವು ಬರುತ್ತದೆ. ಇನ್ನು ಹೊಸ ಚಿಗುರು ಬಂದ ನಿಂಬೆ, ಕರಿಬೇವುಗಳಲ್ಲಿ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂಡರೆ ಬಗ್ಗಿ ನೋಡುವುದು ಒಳ್ಳೆಯದು. ಕಂದುಬಿಳಿ ಬಣ್ಣದ ಆ ಹಿಕ್ಕೆ ನಡೆದಾಡುತ್ತಿದ್ದರೆ ಅದು ನಿಂಬೆ ಚಿಟ್ಟೆಯ ಮರಿಹುಳು. ಸಣ್ಣ ಗಿಡವಾದರೆ ಒಂದೆರಡು ಹುಳು ಸಾಕು, ಚಿಗುರೆಲ್ಲ ಬೋಳು. ಕೈಯಿಂದ ಆರಿಸಿ ತೆಗೆದರೆ ಮುಗಿಯಿತು, ಔಷಧಿಯ ಹಂಗು ಬೇಡ.

ಉದುರಿದ ಎಲೆ, ಉದುರದ ಎಲೆ

ಉದುರಿದ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುವುದು ಊರೂರಿನ ರೂಢಿ. ಗಿಡ ವಾಪಸು ಎಳೆದುಕೊಂಡ ಮೇಲೂ ಅದರಲ್ಲಿ ಅರ್ಧದಷ್ಟು ಸಾರ ಉಳಿದಿರುತ್ತದೆ. ಅದೇ ಎಲೆಯನ್ನು ನಿಂಬೆ, ಮಲ್ಲಿಗೆಯ ಬುಡದಲ್ಲಿ ನಾಲ್ಕು ಬೆರಳು ದಪ್ಪ ಹರಡಿದರೆ ಮೇಲ್ಮಣ್ಣಿನ ತೇವ ಉಳಿಯುತ್ತದೆ. ಕಾಂಡಕ್ಕೆ ಮಾತ್ರ ತಾಗಬಾರದು, ಗೆದ್ದಲು ಹತ್ತುತ್ತದೆ.

ಚಿಂತೆ ಮಾಡಬೇಕಾದದ್ದು ಉದುರದ ಎಲೆಯ ಬಗ್ಗೆ. 2021ರ ಮಳೆಗಾಲದ ಕೊನೆಗೆ ತೆಲಂಗಾಣದ ಉದ್ದಗಲಕ್ಕೂ ಬೇವಿನ ಮರಗಳು ಬೆಂಕಿಯ ಝಳ ತಾಗಿದಂತೆ ತುದಿಯಿಂದ ಒಣಗತೊಡಗಿದವು. ಬೇವಿಗೇ ರೋಗ ಬಂದರೆ ಇನ್ನೇನು ಎಂದು ಜನ ಗಾಬರಿಯಾದರು. ತುದಿ ಒಣಗಿಸುವ ಫೋಮಾಪ್ಸಿಸ್ ಎಂಬ ಶಿಲೀಂಧ್ರ ಮತ್ತು ಎಳೆ ರೆಂಬೆಯ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟ ಇದಕ್ಕೆ ಕಾರಣವೆಂದು ಕೃಷಿ ವಿಜ್ಞಾನಿಗಳು ಗುರುತಿಸಿದರು. ನಂತರದ ವರ್ಷಗಳಲ್ಲೂ ಅದು ಅಲ್ಲಲ್ಲಿ ಮರುಕಳಿಸಿದೆ.

ಸಹಜ ಎಲೆಯುದುರಿಗೂ ಈ ರೋಗಕ್ಕೂ ಇರುವ ವ್ಯತ್ಯಾಸ ತಿಳಿಯಲು ಕಳಚುಪದರ ನೆನಪಿದ್ದರೆ ಸಾಕು. ಆರೋಗ್ಯದ ಬೇವಿನ ಎಲೆ ಹಳದಿಯಾಗಿ ಕೆಳಗೆ ಬೀಳುತ್ತದೆ, ಕೊಂಬೆ ಬೋಳಾಗುತ್ತದೆ. ರೋಗದ ಕೊಂಬೆ ಎಲೆ ಕಳಚುವ ಮೊದಲೇ ಸತ್ತಿರುವುದರಿಂದ ಎಲೆ ಕಂದಾಗಿ, ಸುರುಟಿ, ಅಲ್ಲೇ ಜೋತಾಡುತ್ತಿರುತ್ತದೆ. ಎಳೆದರೂ ಸುಲಭವಾಗಿ ಬರುವುದಿಲ್ಲ. ಆದರೆ ಸಾಯುವುದು ಸಾಮಾನ್ಯವಾಗಿ ತುದಿಯ ರೆಂಬೆಗಳು ಮಾತ್ರ. ಬೊಡ್ಡೆಯಲ್ಲಿ ನೀರಿರುತ್ತದೆ, ಬೇರು ಆಳದಲ್ಲಿರುತ್ತದೆ. 2021ರಲ್ಲಿ ಸತ್ತೇಹೋಯಿತೆಂದು ಬಗೆದಿದ್ದ ಎಷ್ಟೋ ಮರಗಳು ಮುಂದಿನ ವರ್ಷ ಮತ್ತೆ ಚಿಗುರಿದವು. ಒಣಗಿದ ತುದಿಗಳನ್ನು ಜೀವವಿರುವ ಭಾಗದವರೆಗೆ ಕತ್ತರಿಸಿ ಸುಡಬೇಕು, ಎಲೆಯ ವಿಷಯದಲ್ಲಿ ಬೇಡವೆಂದ ಬೆಂಕಿ ಇಲ್ಲಿ ಬೇಕು. ಉಳಿದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಗೀರಿದಾಗ ಒಳಗೆ ಹಸಿರು ಕಂಡರೆ ಆ ಮರ ಬದುಕಿದೆ. ಅಂಥ ಮರಕ್ಕೆ ಕೊಡಲಿ ಹಾಕುವ ಮುನ್ನ ಯುಗಾದಿ ಕಳೆಯುವವರೆಗಾದರೂ ಕಾಯಬೇಕು.